ಡಬ್ಬ ಗುದ್ದುತ್ತಿದೆ, ಹಾಡು ಸಾಯುತ್ತಿದೆ!

ಕನ್ನಡದ ಹುಡುಗರೇ,

ಯಾವುದಾದರೂ ಭಾನುವಾರ ಸಂಜೆ ನಿಮ್ಮದೇ ಬಡಾವಣೆಯ ಗಲ್ಲಿಯಲ್ಲಿ ಹತ್ತು ನಿಮಿಷ ನಡೆದು ಬನ್ನಿ. ಒಂದಲ್ಲ ಒಂದು ಮನೆಯಿಂದ ಧಬ್... ಧಬ್... ಧಬ್ ಎಂದು ಗೋಡೆ ಗುದ್ದುವ ಸದ್ದು ಬಂದೇ ಬರುತ್ತದೆ. ಹಾಡು ಯಾವುದು? ಗೊತ್ತಿಲ್ಲ. ಹಾಡುತ್ತಿರುವವರು ಯಾರು? ಗೊತ್ತಿಲ್ಲ. ಭಾಷೆ ಯಾವುದು? ದೇವರಾಣೆ ಗೊತ್ತಿಲ್ಲ! ಹೋಗಲಿ, ಇಟ್ಟಿಗೆ ಗೋಡೆ ಪದವನ್ನು ತಡೆದು ಗುದ್ದನ್ನು ಮಾತ್ರ ಹೊರಗೆ ಬಿಟ್ಟಿತು ಎಂದುಕೊಳ್ಳೋಣ. ಬಾಗಿಲು ತಟ್ಟಿ ಒಳಗೆ ಹೋಗಿ, ಸೋಫಾದ ಮೇಲೆ ಕೂತು ಕೇಳಿ. ಅಲ್ಲೂ ಅದೇ ಧಬ್ ಧಬ್. ಅಲ್ಲೂ ಪದ ಕೇಳಿಸುವುದಿಲ್ಲ!

ಇದಕ್ಕೆ ಹೆಸರು ಹೋಂ ಥಿಯೇಟರ್. ಮೂಲೆಯಲ್ಲಿ ಕೂತು ಗುದ್ದುತ್ತಿರುವ ಆ ಕರಿ ಡಬ್ಬದ ಹೆಸರು ಸಬ್‌ವೂಫರ್. ಹೊಟ್ಟೆಯೊಳಗೇ ತನ್ನ ಆಂಪ್ಲಿಫೈಯರ್ ಇಟ್ಟುಕೊಂಡು, ನೇರವಾಗಿ ಗೋಡೆಯ ಪ್ಲಗ್ಗಿನಿಂದಲೇ ಕರೆಂಟು ಕುಡಿಯುವ ಜಾತಿಯದು. ಕಂತು ಕಟ್ಟಿ ತಂದದ್ದು. ತಂದ ದಿನ ಅಂಗಡಿಯ ಹುಡುಗ ಬಂದು, ಜಾಗ ಸಿಕ್ಕಲ್ಲಿ ತುರುಕಿ, ಎಲ್ಲ ನಾಬುಗಳನ್ನೂ ಬಲಕ್ಕೆ ಕೊನೆಯವರೆಗೆ ತಿರುವಿ, "ಹೆಂಗಿದೆ ಸಾರ್ ಬೇಸು?" ಎಂದು ಕೇಳಿ, ಟೀ ಕುಡಿದು ಹೋದ. ಆವತ್ತಿನಿಂದ ಆ ನಾಬುಗಳನ್ನು ಯಾರೂ ಮುಟ್ಟಿಲ್ಲ!

ನನ್ನ ಜಗಳ ಇರುವುದು ಇಲ್ಲೇ. ಬೇಸ್ ಬೇಡ ಎನ್ನುವ ಮಡಿವಂತ ನಾನಲ್ಲ. ಡೊಳ್ಳು ಕುಣಿತದ ನಾಡಿನಲ್ಲಿ ಹುಟ್ಟಿ ಬೇಸ್ ಬೇಡ ಅಂದರೆ ನಾಲಗೆ ಬಿದ್ದುಹೋದೀತು. ಆದರೆ ಡೊಳ್ಳಿನ ಮೇಳವನ್ನು ಹತ್ತಿರ ನಿಂತು ಕೇಳಿದ್ದೀರಾ? ಪೆಟ್ಟು ಬಿದ್ದ ಕೂಡಲೇ ದನಿ ಹುಟ್ಟುತ್ತದೆ, ಮುಂದಿನ ಪೆಟ್ಟಿಗೆ ಜಾಗ ಬಿಟ್ಟು ಸರಿಯುತ್ತದೆ. ನಡುವೆ ತಾಳವೂ ಕೇಳುತ್ತದೆ, ಹಾಡುವವನ ಪದವೂ ಕೇಳುತ್ತದೆ. ನಿಮ್ಮ ಡಬ್ಬದಿಂದ ಬರುತ್ತಿರುವುದು ಪೆಟ್ಟಲ್ಲ ಸ್ವಾಮಿ, ಊತ!

ಈಚೆಗೆ ಗೆಳೆಯನೊಬ್ಬ ಮನೆಗೆ ಕರೆದ. ಹೊಸ ಸೆಟ್ಟು, ಹೊಸ ಹುಮ್ಮಸ್ಸು. 10 ಅಡಿ ಅಗಲ, 12 ಅಡಿ ಉದ್ದದ ಹಾಲು. ಸಬ್‌ವೂಫರ್ ಹಿಂದಿನ ಮೂಲೆಯಲ್ಲಿ, ದಿವಾನದ ಪಕ್ಕ. ಪಿ.ಬಿ. ಶ್ರೀನಿವಾಸ್ ಅವರ ಹಾಡೊಂದನ್ನು ಹಾಕಿದ. ರೇಷ್ಮೆಯಂಥ ಕಂಠ ಅವರದು. ಕೇಳಿದರೆ ಸ್ನಾನದ ಹಂಡೆಯೊಳಗೆ ಮುಖವಿಟ್ಟು ಹಾಡಿದಂತಿದೆ! ಪಲ್ಲವಿ ಶುರುವಾದರೆ ಶೋಕೇಸಿನ ಗಾಜು ಗಿರ್ರ್ ಅನ್ನುತ್ತದೆ, ಗೋಡೆಯ ಮೇಲೆ ದೇವರ ಪಟ ನಡುಗುತ್ತದೆ. ಅಡುಗೆಮನೆಯಿಂದ ಅವನ ತಾಯಿ ಕೂಗಿದರು: "ಲೋ, ಆ ಗ್ರೈಂಡರ್ ನಿಲ್ಲಿಸ್ರೋ!"

ಗೆಳೆಯನ ಮುಖದಲ್ಲಿ ಮಾತ್ರ ಹೆಮ್ಮೆ. "ಎದೆಗೆ ಗುದ್ದುತ್ತೆ ಅಲ್ವಾ ಗುರೂ?" ಅಂದ. ಗುದ್ದಿಸಿಕೊಳ್ಳಲು ಅಷ್ಟು ದುಡ್ಡು ಯಾಕೆ ಕೊಟ್ಟೆ, ನನಗೆ ಹೇಳಿದ್ದರೆ ಬಿಟ್ಟಿಯಾಗಿ ಗುದ್ದುತ್ತಿದ್ದೆನಲ್ಲ ಅಂದೆ. ಡಬ್ಬವನ್ನು ಮೂಲೆಯಿಂದ ಹೊರಗೆಳೆದು ಇಬ್ಬರೂ ನೆಲದ ಮೇಲೆ ಕೂತೆವು. ಒಂದು ಗಂಟೆ ಹಿಡಿಯಿತು. ಒಂದು ರೂಪಾಯಿ ಖರ್ಚಿಲ್ಲ. ಅವತ್ತು ಮಾಡಿದ್ದನ್ನೇ ನಿಮಗೂ ಹೇಳುತ್ತೇನೆ. ಡಬ್ಬದ ಜೊತೆ ಬಂದ ಕೈಪಿಡಿಯಲ್ಲಿ ಜರ್ಮನ್ ಇತ್ತು, ಚೀನಿ ಇತ್ತು, ಇನ್ನೂ ಏನೇನೋ ಇತ್ತು; ಕನ್ನಡ ಇರಲಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ. ಇವತ್ತಿನ ಕೆಲಸವಂತೂ ನಿಲ್ಲಬಾರದು.

ಮೊದಲು ಅಂಗಡಿಯ ಲೆಕ್ಕದ ಮೋಸ. ತೊಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರಿನ ಮೈಮೇಲೆಲ್ಲ 'ಪಿಎಂಪಿಒ' ಎಂಬ ಚೀಟಿ ಹೊಳೆಯುತ್ತಿತ್ತು. ಸಾವಿರ ವ್ಯಾಟ್, ಎರಡು ಸಾವಿರ ವ್ಯಾಟ್! ಹಿಂಬದಿಯ ತಗಡಿನ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತಿತ್ತು: ಈ ಪೆಟ್ಟಿಗೆ ಪ್ಲಗ್ಗಿನಿಂದ ಎಳೆಯುವ ಕರೆಂಟು ಇಷ್ಟು ವ್ಯಾಟ್ ಎಂದು. ಅಲ್ಲಿ 60 ಅಂತಿದ್ದರೆ, ಬಿಡದೆ ಸಾವಿರ ವ್ಯಾಟ್ ಕೊಡಲು ಉಳಿದದ್ದು ಎಲ್ಲಿಂದ ಬರಬೇಕು? ಮಾವನ ಮನೆಯಿಂದಲೇ? ಪಿಎಂಪಿಒ ಎಂಬುದಕ್ಕೆ ಒಪ್ಪಿತ ಅಳತೆಯೇ ಇಲ್ಲ. ತಯಾರಕ ಬರೆದದ್ದೇ ಸಂಖ್ಯೆ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್. ಇನ್ನೊಂದು ಮಾತು. 100 ವ್ಯಾಟಿನ ಬದಲು 200 ವ್ಯಾಟ್ ತಂದರೆ ಸದ್ದು ಎರಡರಷ್ಟಾಗುವುದಿಲ್ಲ, ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಸುಮಾರು ಎರಡರಷ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ ಪಕ್ಕದ ಮನೆಯವನಿಗಿಂತ ನೂರು ವ್ಯಾಟ್ ಜಾಸ್ತಿ ಎಂದು ಮೀಸೆ ತಿರುವುವುದು ಬಿಡಿ.

ಈಗ ಜಾಗ. ಎಲ್ಲಕ್ಕಿಂತ ದೊಡ್ಡ ವಿಷಯ ಇದೇ, ಯಾರೂ ಕೇರ್ ಮಾಡದ ವಿಷಯವೂ ಇದೇ.

ಸಬ್‌ವೂಫರಿನ ಕೆಲಸ ಸೆಕೆಂಡಿಗೆ 20ರಿಂದ ಸುಮಾರು 80, 100 ಸಲ ಕಂಪಿಸುವ ತೀರಾ ಕೆಳಗಿನ ದನಿಗಳನ್ನು ನುಡಿಸುವುದು. ಆ ಸಂಖ್ಯೆಗೇ ಹರ್ಟ್ಜ್ ಎನ್ನುತ್ತಾರೆ. ಗಾಳಿಯಲ್ಲಿ ಶಬ್ದದ ಓಟ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಾಕಾರ ಮಾಡಿ: 40 ಹರ್ಟ್ಜ್ ದನಿಯ ಒಂದೇ ಒಂದು ಅಲೆಯ ಉದ್ದ ಎಂಟೂವರೆ ಮೀಟರ್, ಅಂದರೆ 28 ಅಡಿ! ನಿಮ್ಮ ಹಾಲಿನಲ್ಲಿ ಆ ಅಲೆ ಪೂರ್ತಿ ಮೈ ಚಾಚಲೂ ಜಾಗವಿಲ್ಲ. ಅದು ಗೋಡೆಗೆ ಬಡಿದು, ವಾಪಸು ಬಂದು, ಎದುರು ಬರುವ ತನ್ನದೇ ಅಲೆಗೆ ಡಿಕ್ಕಿ ಹೊಡೆಯುತ್ತದೆ. ಎರಡೂ ಸೇರಿದ ಕಡೆ ಗುಡುಗು, ಒಂದನ್ನೊಂದು ತಿಂದ ಕಡೆ ಮೌನ. ಕೋಣೆಯ ಅಳತೆಗೆ ಹೊಂದುವ ದನಿಗಳಂತೂ ನಿಂತಲ್ಲೇ ನಿಂತು ಊದಿಕೊಳ್ಳುತ್ತವೆ. 12 ಅಡಿ ಉದ್ದಕ್ಕೆ ಆ ದನಿ ಸುಮಾರು 47 ಹರ್ಟ್ಜ್. 10 ಅಡಿ ಅಗಲಕ್ಕೆ ಸುಮಾರು 56. ನಮ್ಮ ಎಷ್ಟೋ ಮನೆಗಳಲ್ಲಿ ತಾರಸಿಯ ಎತ್ತರವೂ ಹತ್ತೇ ಅಡಿ, ಅದೂ 56ಕ್ಕೇ ಸೇರಿಕೊಳ್ಳುತ್ತದೆ. ಗೆಳೆಯನ ಮನೆಯಲ್ಲಿ ಯಾವ ಹಾಡು ಹಾಕಿದರೂ ಒಂದೇ ಸ್ವರ ಗುದ್ದುತ್ತಿದ್ದುದು ಯಾಕೆ ಅಂತ ಈಗ ತಿಳಿಯಿತಲ್ಲ? ಹಾಡಿದ್ದು ಸಬ್‌ವೂಫರ್ ಅಲ್ಲ, ಅವನ ಹಾಲು!

ಮೂಲೆ ಎಂದರೆ ಎರಡು ಗೋಡೆ, ಒಂದು ನೆಲ ಸೇರುವ ಜಾಗ. ಡಬ್ಬವನ್ನು ಅಲ್ಲಿಟ್ಟರೆ ಈ ಊತಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಸದ್ದು ಹೆಚ್ಚಾಗುವುದು ನಿಜ, ಅಂಗಡಿಯವನಿಗೆ ಬೇಕಾಗಿದ್ದೂ ಅಷ್ಟೇ. ಇನ್ನು ನೀವು ಕೂರುವ ಜಾಗ. ಕೋಣೆಯ ಉದ್ದದ ನಟ್ಟನಡುವೆ ಕುರ್ಚಿ ಹಾಕಿದರೆ ಆ 47ರ ದನಿ ಹೆಚ್ಚುಕಡಿಮೆ ಮಾಯ. ಸೋಫಾವನ್ನು ಹಿಂಗೋಡೆಗೆ ಅಂಟಿಸಿದರೆ ಅದೇ ದನಿ ಬೆನ್ನಿಗೆ ಒದೆಯುತ್ತದೆ. ನಡುವೆ ಕೂತವನು ಬೇಸ್ ಸಾಲದು ಎಂದು ನಾಬು ತಿರುವುತ್ತಾನೆ. ಅವನಿಗೆ ಆಗಲೂ ಕೇಳುವುದಿಲ್ಲ. ಕೇಳುವುದು ಗೋಡೆಯಾಚೆ ಮಲಗಿದ ಪಕ್ಕದ ಮನೆಯ ಮಗುವಿಗೆ!

ಹಾಗಾದರೆ ಎಲ್ಲಿಡಬೇಕು? ಒಂದು ಹಳೆಯ ಉಪಾಯವಿದೆ, ನಗಬೇಡಿ. ಡಬ್ಬವನ್ನು ನೀವು ಕೂರುವ ಜಾಗದಲ್ಲಿ, ಸೋಫಾದ ಮೇಲೆಯೇ ಇಡಿ. ಬೇಸ್ ಗಿಟಾರ್ ಚೆನ್ನಾಗಿ ಓಡಾಡುವ ಹಾಡೊಂದನ್ನು ಹಾಕಿ. ಶಂಕರ್‌ನಾಗ್ ನಿರ್ದೇಶಿಸಿದ 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಕೊಟ್ಟ ಸಂಗೀತವಿದೆಯಲ್ಲ, ಅದು ಇದಕ್ಕೆ ಲಾಯಕ್ಕು. ಅಲ್ಲಿ ಬೇಸ್ ಗಿಟಾರ್ ಬರೀ ತಾಳಕ್ಕೆ ಗುದ್ದುವುದಿಲ್ಲ, ಸ್ವರದಿಂದ ಸ್ವರಕ್ಕೆ ನಡೆದಾಡುತ್ತದೆ. ಈಗ ನೀವು ಅಂಬೆಗಾಲಿಟ್ಟು ಗೋಡೆಯ ಬುಡದುದ್ದಕ್ಕೂ ಹೋಗಿ, ಡಬ್ಬ ಇಡಲು ಸಾಧ್ಯವಿರುವ ಕಡೆಯಲ್ಲೆಲ್ಲ ಕಿವಿಯನ್ನು ನೆಲದ ಹತ್ತಿರ ತಂದು ಕೇಳಿ. ಒಂದು ಕಡೆ ಬರೀ ಊತ. ಇನ್ನೊಂದು ಕಡೆ ಏನೂ ಇಲ್ಲ. ಮತ್ತೊಂದು ಕಡೆ ಗಿಟಾರಿನ ಪ್ರತಿಯೊಂದು ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡಬ್ಬವನ್ನು ತಂದು ಅಲ್ಲಿಡಿ. ಡಬ್ಬಕ್ಕೂ ಕಿವಿಗೂ ಜಾಗ ಅದಲು ಬದಲಾದರೆ ಈ ಲೆಕ್ಕ ಬದಲಾಗುವುದಿಲ್ಲ, ಅದಕ್ಕೇ ಈ ಉಪಾಯ ನಡೆಯುತ್ತದೆ. ಗೆಳೆಯನ ಮನೆಯಲ್ಲಿ ಆ ಜಾಗ ಟಿವಿ ಸ್ಟ್ಯಾಂಡಿನ ಎಡಕ್ಕೆ, ಮೂಲೆಯಿಂದ ಮೂರಡಿ ದೂರದಲ್ಲಿ ಸಿಕ್ಕಿತು. ಮಗ ಮೊಣಕಾಲೂರಿ ಗೋಡೆ ಮೂಸುವುದನ್ನು ನೋಡಿ ಅವನ ತಾಯಿ ಗಾಬರಿಯಾದರು, ಅದು ಬೇರೆ ಮಾತು.

ವಿದೇಶದವರ ವಿಡಿಯೋ ನೋಡಿ ಕಣ್ಣುಮುಚ್ಚಿ ನಕಲು ಹೊಡೆಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಬಹಳಷ್ಟು ಮನೆಗಳ ಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದದ್ದು. ಅದು ಬೇಸನ್ನು ಒಂದಷ್ಟು ಹೀರುತ್ತದೆ, ಒಂದಷ್ಟು ಹೊರಗೆ ಬಿಡುತ್ತದೆ. ನಮ್ಮದು ಇಟ್ಟಿಗೆ, ಸಿಮೆಂಟು, ಕಾಂಕ್ರೀಟ್ ತಾರಸಿ. ಬಂದ ಬೇಸನ್ನು ಬಂದ ಹಾಗೇ ವಾಪಸು ಎಸೆಯುತ್ತದೆ. ಅಲ್ಲಿ ಸಾಲದು ಅನ್ನಿಸಿದ್ದು ಇಲ್ಲಿ ಜಾಸ್ತಿಯಾಗುತ್ತದೆ. ಪರದೆ ಕಟ್ಟಿದರೆ, ಥರ್ಮೋಕೋಲ್ ಅಂಟಿಸಿದರೆ, ಮೊಟ್ಟೆಯ ಟ್ರೇ ಮೊಳೆ ಹೊಡೆದರೆ ಇಷ್ಟು ಉದ್ದದ ಅಲೆಗೆ ಏನೂ ಆಗುವುದಿಲ್ಲ. ಆ ಟ್ರೇ ಮೊಟ್ಟೆಯವನಿಗೇ ವಾಪಸು ಕೊಡಿ.

ವೈರಿನ ಮಾತು ಚಿಕ್ಕದು. ನಿಮ್ಮ ರಿಸೀವರಿನಲ್ಲಿ ಸಬ್‌ವೂಫರ್‌ಗೆಂದೇ ತೂತಿದ್ದರೆ ಒಂದು ಆರ್‌ಸಿಎ ವೈರು ಸಾಕು. ಅಪ್ಪನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್ ಆಗಿದ್ದು ಆ ತೂತಿಲ್ಲದಿದ್ದರೂ ಅದನ್ನು ಗುಜರಿಗೆ ಹಾಕಬೇಡಿ. ಎಷ್ಟೋ ಸಬ್‌ವೂಫರುಗಳ ಬೆನ್ನಿಗೆ ಸ್ಪೀಕರ್ ವೈರನ್ನೇ ನೇರ ತೆಗೆದುಕೊಳ್ಳುವ ತಿರುಪುಗಳಿರುತ್ತವೆ. ಎಲ್ಲವನ್ನೂ ಆಫ್ ಮಾಡಿ ಜೋಡಿಸಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.

ಈಗ ಬಂತು ನೋಡಿ ಮುಖ್ಯ ಅಪರಾಧಿ: ಕ್ರಾಸ್‌ಓವರ್ ನಾಬು. ಯಾವ ದನಿಯವರೆಗೆ ಡಬ್ಬದ್ದು, ಎಲ್ಲಿಂದ ಮೇಲೆ ಮುಂದಿನ ಸ್ಪೀಕರುಗಳದ್ದು ಎಂದು ಗಡಿ ಹಾಕುವುದು ಇದು. ಗಂಡಸಿನ ಮಾತಿನ ಬುಡದ ದನಿ ಸುಮಾರು 85ರಿಂದ 180 ಹರ್ಟ್ಜ್ ಒಳಗಿರುತ್ತದೆ. ಗೆಳೆಯನ ನಾಬು ಎಲ್ಲಿತ್ತು ಗೊತ್ತೇ? 150ರಲ್ಲಿ! ಅಂದರೆ ಪಿ.ಬಿ. ಶ್ರೀನಿವಾಸ್ ಅವರ ಕಂಠದ ಅರ್ಧ ಎದುರಿನ ಸ್ಪೀಕರಿನಿಂದ, ಉಳಿದರ್ಧ ದಿವಾನದ ಪಕ್ಕದ ಮೂಲೆಯಿಂದ ಬರುತ್ತಿತ್ತು. ಮನುಷ್ಯನನ್ನು ಸೊಂಟಕ್ಕೆ ಕತ್ತರಿಸಿ ಎರಡು ಕಡೆ ನಿಲ್ಲಿಸಿ ಹಾಡಿಸಿದಂತೆ! ಡಾ. ರಾಜ್‌ಕುಮಾರ್ ಹಾಡಿದರೂ ಅದೇ ಗತಿ, ಸಿ. ಅಶ್ವಥ್ ಹಾಡಿದರೂ ಅದೇ ಗತಿ. ಭಾವಗೀತೆಯೆಂದರೆ ಪದವೇ ಪ್ರಾಣ. ಪದ ಕೇಳಿಸದ ಭಾವಗೀತೆ ಯಾವ ಸೀಮೆಯದು?

ಇದು ಬರೀ ನನ್ನ ಕೊರಗಲ್ಲ, ಕಿವಿಯ ಸ್ವಭಾವವೇ ಹಾಗೆ. ಕೆಳಗಿನ ದನಿ ಜೋರಾದರೆ ಅದು ತನಗಿಂತ ಮೇಲಿನ ದನಿಗಳನ್ನು ಮುಚ್ಚಿಹಾಕುತ್ತದೆ. ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ಕ, ತ, ಪ, ಸ ಎಂಬ ವ್ಯಂಜನಗಳನ್ನು ಒಂದರಿಂದ ಒಂದು ಬೇರೆಯೆಂದು ಗುರುತಿಸುವ ಸುಳಿವೆಲ್ಲ ಸಾವಿರಾರು ಹರ್ಟ್ಜ್ ಮೇಲಿದೆ, ಅದೂ ತೀರಾ ಮೆಲ್ಲಗೆ. ಸ್ವರಗಳ ಬುಡ ಕೆಲವು ನೂರು ಹರ್ಟ್ಜ್‌ನಲ್ಲಿದೆ. ಊದಿದ ಬೇಸು ಮೊದಲು ತಿನ್ನುವುದು ಈ ಬುಡವನ್ನು. ಹಾಡಿನಲ್ಲಿ ಕನ್ನಡ ಉಳಿಯಬೇಕು ಎಂದು ಬೀದಿಯಲ್ಲಿ ಗಂಟಲು ಹರಿದುಕೊಳ್ಳುವ ನಾವೇ ಮನೆಯೊಳಗೆ ಒಂದು ನಾಬು ತಿರುವಿ ಅದರ ಕತ್ತು ಹಿಸುಕುತ್ತೇವಲ್ಲ, ಇದಕ್ಕೇನು ಹೇಳೋಣ? ಸುಳ್ಳೇಕೆ, ನವೆಂಬರ್ ತಿಂಗಳಿನ ನಮ್ಮ ಪೆಂಡಾಲುಗಳಲ್ಲೂ ಇದೇ ಕಥೆ. ಮೈಕ್ ಸೆಟ್ಟಿನವನು ಪೇರಿಸಿದ ಡಬ್ಬಗಳ ಮುಂದೆ ನಿಂತರೆ ಕನ್ನಡಮ್ಮನ ಹಾಡೂ ಒಂದೇ, ಐಟಂ ಸಾಂಗೂ ಒಂದೇ.

ಗಡಿ ಎಲ್ಲಿ ಹಾಕಬೇಕು? ಮುಂದಿನ ಸ್ಪೀಕರುಗಳು ತಕ್ಕಮಟ್ಟಿಗೆ ದೊಡ್ಡವಾಗಿದ್ದರೆ 80 ಹರ್ಟ್ಜ್‌ನಿಂದ ಶುರು ಮಾಡಿ. ಚಿತ್ರಮಂದಿರಗಳ ಧ್ವನಿಗೆ ಮಾನದಂಡ ಹಾಕಲು 1983ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲಂನಲ್ಲಿ ಶುರುವಾದ ಟಿಎಚ್‌ಎಕ್ಸ್, ಮುಂದೆ ಮನೆಯ ಸೆಟ್ಟುಗಳಿಗೂ ಇಟ್ಟುಕೊಂಡ ಗಡಿ ಇದೇ 80. ಅದಕ್ಕಿಂತ ಕೆಳಗಿನ ದನಿ ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಸುಲಭವಾಗಿ ಪತ್ತೆಯಾಗುವುದಿಲ್ಲ. ಎದೆಯೆತ್ತರದ ಕಂಬದಂಥ ಸ್ಪೀಕರುಗಳಿದ್ದರೆ 50, 60ಕ್ಕೂ ಇಳಿಸಬಹುದು. ಅಂಗೈಯಗಲದ ಪುಟಾಣಿ ಸ್ಪೀಕರುಗಳ ಪ್ಯಾಕೆಟ್ ಸೆಟ್ಟಾದರೆ ಪಾಪ, ಅವಕ್ಕೆ ಅಷ್ಟು ಕೆಳಗೆ ಹಾಡಲು ಶಕ್ತಿಯಿಲ್ಲ. ಗಡಿ ಮೇಲೇರಿಸಲೇಬೇಕು. ಆಗ ಡಬ್ಬವನ್ನು ಹಿಂದಿನ ಮೂಲೆಗೆ ಕಳಿಸದೆ ಮುಂದೆ, ಎರಡು ಸ್ಪೀಕರುಗಳ ನಡುವೆಯೇ ಇಡಿ. ದನಿ ಒಂದೇ ದಿಕ್ಕಿನಿಂದ ಬರಲಿ. ಇನ್ನು ರಿಸೀವರಿನ ಮೆನುವಿನಲ್ಲೇ ಗಡಿ ಹಾಕುವ ಸೌಲಭ್ಯವಿದ್ದರೆ ಅಲ್ಲಿ ಮಾತ್ರ ಹಾಕಿ, ಡಬ್ಬದ ಮೇಲಿನ ನಾಬನ್ನು ಕೊನೆಗೆ ತಿರುಗಿಸಿಬಿಡಿ. ಒಂದೇ ಗಡಿಗೆ ಇಬ್ಬರು ಕಾವಲುಗಾರರಿದ್ದರೆ ಗಡಿಯ ಹತ್ತಿರದ ದನಿಗಳು ಇಬ್ಬರ ಕೈಯಲ್ಲೂ ಏಟು ತಿನ್ನುತ್ತವೆ.

ಫೇಸ್ ಎಂಬ ಪುಟ್ಟ ಸ್ವಿಚ್ಚು ಹಿಂದೆ ಇದೆ, 0 ಮತ್ತು 180 ಎಂದು ಬರೆದಿರುತ್ತದೆ. ಡಬ್ಬ ಗಾಳಿಯನ್ನು ಮುಂದೆ ತಳ್ಳುವ ಹೊತ್ತಿಗೇ ಸ್ಪೀಕರು ಹಿಂದೆ ಎಳೆದರೆ ಎರಡರ ದುಡಿಮೆಯೂ ವ್ಯರ್ಥ. ನೀವು ಸೋಫಾದಲ್ಲಿ ಕೂತು, ಫೋನಿನಿಂದ 80 ಹರ್ಟ್ಜ್ ದನಿ ಹಾಕಿಸಿ, ತಮ್ಮನಿಗೋ ತಂಗಿಗೋ ಸ್ವಿಚ್ಚನ್ನು ಆಚೆ ಈಚೆ ಮಾಡಲು ಹೇಳಿ. ಕೂತ ಜಾಗದಲ್ಲಿ ಯಾವುದರಲ್ಲಿ ದನಿ ತುಂಬಿ ಕೇಳುತ್ತದೋ ಅದೇ ಸರಿ. ವ್ಯತ್ಯಾಸವೇ ಗೊತ್ತಾಗದಿದ್ದರೆ 0ಯಲ್ಲಿ ಬಿಟ್ಟು ಮುಂದೆ ನಡೆಯಿರಿ.

ಕೊನೆಗೆ ಗೇನ್, ಅಂದರೆ ಡಬ್ಬದ ಸ್ವಂತ ವಾಲ್ಯೂಮು. ಇದನ್ನು ಪೂರ್ತಿ ಇಳಿಸಿ. ನೀವು ದಿನವೂ ಕೇಳುವಷ್ಟೇ ಜೋರಿನಲ್ಲಿ ಹಾಡು ಹಾಕಿ. ಈಗ ನಿಧಾನವಾಗಿ ಏರಿಸುತ್ತಾ ಬನ್ನಿ. "ಓ, ಡಬ್ಬ ನುಡಿಯುತ್ತಿದೆ" ಎಂದು ಗೊತ್ತಾದ ಕ್ಷಣ ನಿಲ್ಲಿಸಿ, ಕೂದಲಷ್ಟು ಹಿಂದಕ್ಕೆ ತಿರುಗಿಸಿ. ಅಷ್ಟೇ! ಡಬ್ಬ ಇರುವುದೇ ಗೊತ್ತಾಗಬಾರದು, ಆಫ್ ಮಾಡಿದಾಗ ಮಾತ್ರ ಹಾಡಿನ ಬುಡವೇ ಕುಸಿದಂತೆ ಅನ್ನಿಸಬೇಕು. ಪರೀಕ್ಷೆಗೆ 1960ರ ದಶಕದ ಚಿತ್ರಗೀತೆಯೊಂದನ್ನು ಹಾಕಿ. ಅಂದಿನ ಧ್ವನಿಮುದ್ರಣದಲ್ಲಿ ಅಷ್ಟು ಕೆಳಗಿನ ದನಿ ಇರುವುದೇ ಅಪರೂಪ; ಡಬ್ಬ ಹೆಚ್ಚುಕಡಿಮೆ ಸುಮ್ಮನೆ ಕೂತಿರಬೇಕು. ಆ ಹಾಡಿಗೂ ಧಬ್ ಧಬ್ ಅಂದರೆ ಅದು ಸುಳ್ಳು ಹೇಳುತ್ತಿದೆ ಎಂದರ್ಥ.

ದಿನ ಕೇಳುವಷ್ಟೇ ಜೋರಿನಲ್ಲಿ ಎಂದು ಸುಮ್ಮನೆ ಹೇಳಲಿಲ್ಲ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಅಳೆದು ತೋರಿಸಿದ ಸಂಗತಿಯಿದು: ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಬೇಸ್ ತೀರಾ ಕಡಿಮೆ ಕೇಳುತ್ತದೆ. ಮೆಲ್ಲಗೆ ಹಾಕಿ ಗೇನ್ ಏರಿಸಿಟ್ಟರೆ ನಾಳೆ ಜೋರು ಮಾಡಿದ ಕೂಡಲೇ ಮನೆ ನಡುಗುತ್ತದೆ. ಫೋನಿನ ಆಪ್‌ನಲ್ಲಿ ಬೇಸ್ ಅಳೆಯುತ್ತೇನೆ ಎನ್ನುವ ಬುದ್ಧಿವಂತರೇ, ಸಾಮಾನ್ಯವಾಗಿ ಫೋನಿನ ಆ ಪುಟ್ಟ ಮೈಕು ಮಾಡಿರುವುದು ಮಾತಿಗೆ; ಅಷ್ಟು ಕೆಳಗಿನ ದನಿಯನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಕಿವಿ ನಂಬಿ.

ಇಷ್ಟಾದ ಮೇಲೂ ಹಾಡಿಲ್ಲದಾಗ ಗುಂಯ್ ಎಂಬ ಸದ್ದು ಬಂದರೆ ಅದು ನಮ್ಮ ಕರೆಂಟಿನ 50 ಹರ್ಟ್ಜ್, ಇಲ್ಲವೇ ಅದರ ಮರಿ. ಟಿವಿಯ ಕೇಬಲ್ ವೈರು ಕಿತ್ತು ನೋಡಿ. ನಿಂತರೆ ಕಳ್ಳ ಅಲ್ಲಿದ್ದಾನೆ. ನಿಲ್ಲದಿದ್ದರೆ ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ ನೋಡಿ. ಯಾರೋ ಹೇಳಿದರೆಂದು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನು ಮಾತ್ರ ಕತ್ತರಿಸಬೇಡಿ. ಗುಂಯ್ ನಿಂತೀತು, ಜೊತೆಗೆ ನೀವೂ ನಿಂತೀರಿ!

"ನಮ್ಮ ಮನೆ, ನಮ್ಮ ಇಷ್ಟ" ಎನ್ನುವ ಶೂರರಿಗೆ ಕಾನೂನಿನ ಮಾತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್. ಇಲ್ಲೊಂದು ಸೂಕ್ಷ್ಮವಿದೆ. ಈ ಲೆಕ್ಕದ ಡೆಸಿಬೆಲ್ 'ಎ' ಎಂಬ ಅಳತೆಯದು. ಅದು 50 ಹರ್ಟ್ಜ್ ದನಿಯಿಂದ 30 ಡೆಸಿಬೆಲ್ ಕಳೆದೇ ತೋರಿಸುತ್ತದೆ. ಹಾಗಾಗಿ ಮೀಟರಿನ ಮುಳ್ಳು ತೆಪ್ಪಗಿದ್ದರೂ ಕೆಳಗಿನ ಮನೆಯ ಅಜ್ಜಿಯ ಮಂಚ ನಡುಗುತ್ತಿರಬಹುದು. ಡಬ್ಬದ ಕಾಲಿಗೆ ದಪ್ಪ ರಬ್ಬರ್ ಹಾಕಿದರೆ ನೆಲದ ನಡುಕ ಕೊಂಚ ತಗ್ಗೀತು. ಗಾಳಿಯಲ್ಲಿ ಹೋಗುವ ಬೇಸನ್ನು ಯಾವ ರಬ್ಬರೂ ತಡೆಯುವುದಿಲ್ಲ. ಅದಕ್ಕಿರುವ ಮದ್ದು ಗೇನ್ ನಾಬು ಒಂದೇ.

ಅವತ್ತು ಎಲ್ಲ ಮುಗಿಸಿ, ಅದೇ ಪಿ.ಬಿ. ಶ್ರೀನಿವಾಸ್ ಹಾಡನ್ನು ಮತ್ತೆ ಹಾಕಿದೆವು. ಶೋಕೇಸಿನ ಗಾಜು ಸುಮ್ಮನಿತ್ತು. ಗೆಳೆಯ ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಎದ್ದು ಡಬ್ಬದ ಹಿಂದೆ ಹೋಗಿ ಬಗ್ಗಿ ನೋಡಿದ, ಲೈಟು ಹತ್ತಿದೆಯಾ ಅಂತ. ಹತ್ತಿತ್ತು. ಅಡುಗೆಮನೆಯಿಂದ ಅವನ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಎರಡನೇ ಚರಣಕ್ಕೆ ಅವರೂ ಮೆಲ್ಲಗೆ ದನಿಗೂಡಿಸಿದರು, ಒಂದು ಪದವೂ ತಪ್ಪದೆ.